ಪಿಕಪ್ ಗಾಡಿ ಕೊಳ್ಳುವ ಮುನ್ನ: ಬೀದರ್ ಸೀಮೆಯ ಮಾಲೀಕರಿಂದ ನಾವು ಕೇಳಿ ತಿಳಿದದ್ದು

ಕಳೆದ ಕೊಯ್ಲು ಮುಗಿದ ಮೇಲೆ ಸಂಘದ ಕಚೇರಿಗೆ ಬಂದ ಸದಸ್ಯರಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಕೇಳಿದರು. "ಬಾಡಿಗೆ ಗಾಡಿಗೆ ಕಾದು ಕಾದು ಸಾಕಾಗಿದೆ. ನಾವೇ ಒಂದು ಪಿಕಪ್ ತೆಗೆದುಕೊಳ್ಳಬಹುದೇ? ತೆಗೆದುಕೊಂಡರೆ ಹೊಸದೋ, ಹಳೆಯದೋ?" ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೀದರ್ ಕಡೆಯ ಹಳೆಯ ಗಾಡಿಗಳಿಗೆ ತುಕ್ಕು ಹಿಡಿದಿರುವುದಿಲ್ಲವಂತೆ, ಅಲ್ಲಿಂದಲೇ ತರಿಸಿದರೆ ಹೇಗೆ ಎಂದೂ ವಿಚಾರಿಸಿದರು. ಕೇಳಿದ ಮಾತಿನ ಮೇಲೆ ಸಲಹೆ ಕೊಡುವುದು ಸರಿಯಲ್ಲವೆಂದು ನಾವು ಬೀದರ್ ನಗರ, ಭಾಲ್ಕಿ ಮತ್ತು ಔರಾದ್‌ಗಳಿಗೆ ಹೋಗಿ, ಪಿಕಪ್ ಇಟ್ಟುಕೊಂಡವರನ್ನು ಕಂಡು ಮಾತನಾಡಿ ಬಂದೆವು. ಅಲ್ಲಿ ತಿಳಿದುಬಂದುದನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಬೀದರ್ ಸೀಮೆಯಲ್ಲಿ ಕಾಫಿಯೂ ಇಲ್ಲ, ನಮ್ಮಂತೆ ಅಡಿಕೆ ತೋಟಗಳೂ ಇಲ್ಲ. ಅಲ್ಲಿಯದು ತೊಗರಿ, ಉದ್ದು, ಹೆಸರು, ಸೋಯಾ, ಜೋಳ ಮತ್ತು ಕಬ್ಬಿನ ಬೇಸಾಯ. ಆದರೂ ಸಣ್ಣ ಹಿಡುವಳಿದಾರನ ಪಾಡು ಎರಡೂ ಕಡೆ ಒಂದೇ. ಮಾಲು ವರ್ಷದಲ್ಲಿ ಎರಡು ಮೂರು ತಿಂಗಳು ಮಾತ್ರ ಬರುತ್ತದೆ, ಸಾಲದ ಕಂತು ಹನ್ನೆರಡು ತಿಂಗಳೂ ಬರುತ್ತದೆ.

ದಿನಗಳ ಲೆಕ್ಕ ಮೊದಲು

ಬೀದರ್ ನಗರದಲ್ಲಿ ನಾವು ಮೊದಲು ಕಂಡ ಮಾಲೀಕರು ಗಾಂಧಿಗಂಜ್ ಮಾರುಕಟ್ಟೆಯಿಂದ ಸುತ್ತಲಿನ ಹಳ್ಳಿಗಳಿಗೆ ಬಾಡಿಗೆ ಹೊಡೆಯುವವರು. ಹೋಗುವಾಗ ಗೊಬ್ಬರ, ಸಿಮೆಂಟು, ಕಿರಾಣಿ, ಬರುವಾಗ ಕಾಳುಕಡಿ. ತಿಂಗಳಲ್ಲಿ ಇಪ್ಪತ್ತೈದು ದಿನ ಗಾಡಿ ಓಡುತ್ತದೆ. ಹೊಸ ಗಾಡಿ ಸಾಲದಲ್ಲಿ ತಂದರೂ ಅವರಿಗೆ ಅದು ಭಾರವಾಗಿಲ್ಲ.

ಭಾಲ್ಕಿಯ ಕಡೆ ಕಂಡ ರೈತರ ಅನುಭವ ಬೇರೆ. ಆರು ಎಕರೆ ಜಮೀನಿನ ಇವರೂ ಅಂಥದೇ ಹೊಸ ಗಾಡಿ ತಂದರು. ಉದ್ದು, ಸೋಯಾ ಮಾರುಕಟ್ಟೆಗೆ ಹೋದ ಮೇಲೆ ಗಾಡಿ ಮನೆಯ ಮುಂದೆ ನಿಂತಿತು. ಬಾಡಿಗೆಗೆ ಬಿಡಲು ಚಾಲಕನಿಲ್ಲ, ತಾವೇ ಓಡಿಸಲು ಹೊಲದ ಕೆಲಸ ಬಿಡುವಂತಿಲ್ಲ. ಎರಡನೆಯ ವರ್ಷ ಕಂತು ಕಟ್ಟಲು ಎಮ್ಮೆ ಮಾರಬೇಕಾಯಿತು. "ಗಾಡಿ ನಿಂತ್ರೂ ಕಂತು ನಿಲ್ಲಂಗಿಲ್ಲ ನೋಡ್ರಿ" ಎಂದು ಅವರು ಹೇಳಿದ ಮಾತನ್ನು ನಮ್ಮ ಪ್ರತಿಯೊಬ್ಬ ಸದಸ್ಯರೂ ನೆನಪಿಡಬೇಕು.

ಇದನ್ನು ಅಂಕಿಯಲ್ಲಿ ನೋಡೋಣ. ೮ ಲಕ್ಷ ರೂಪಾಯಿ ಸಾಲ, ಶೇಕಡಾ ೧೦ ಬಡ್ಡಿ, ೫ ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು ೧೭,೦೦೦ ರೂಪಾಯಿ, ಅಂದರೆ ವರ್ಷಕ್ಕೆ ೨,೦೪,೦೦೦. ಗಾಡಿ ವರ್ಷದಲ್ಲಿ ೬೦ ದಿನ ಮಾತ್ರ ಓಡಿದರೆ ಕಂತಿನ ಬಾಬ್ತೇ ದಿನಕ್ಕೆ ೩,೪೦೦ ರೂಪಾಯಿ ಬಿದ್ದಂತಾಯಿತು. ೧೫೦ ದಿನ ಓಡಿದರೆ ಅದೇ ೧,೩೬೦ಕ್ಕೆ ಇಳಿಯುತ್ತದೆ. ಡೀಸೆಲ್, ವಿಮೆ, ಟೈರು, ಚಾಲಕನ ಸಂಬಳ ಇದರ ಮೇಲಿನ ಮಾತು. ನಿಮ್ಮ ಊರಿನಲ್ಲಿ ಒಂದು ದಿನದ ಬಾಡಿಗೆ ಎಷ್ಟಿದೆಯೋ ಅದರ ಪಕ್ಕದಲ್ಲಿ ಈ ಮೊತ್ತವನ್ನು ಬರೆದು ನೋಡಿ.

ಆದುದರಿಂದ ಷೋರೂಮಿಗೆ ಹೋಗುವ ಮುನ್ನ ಹಿಂದಿನ ವರ್ಷದ ಡೈರಿ ತೆರೆಯಿರಿ. ಕಾಫಿ ಸಾಗಿಸಲು ಎಷ್ಟು ದಿನ, ಅಡಿಕೆಗೆ ಎಷ್ಟು, ಗೊಬ್ಬರ, ಸುಣ್ಣ, ಸೌದೆಗೆ ಎಷ್ಟು ಎಂದು ಪಟ್ಟಿ ಮಾಡಿ. ನೂರು ದಿನ ದಾಟದಿದ್ದರೆ, ನೆರೆಹೊರೆಯವರ ಬಾಡಿಗೆಯೂ ಖಾತ್ರಿಯಿಲ್ಲದಿದ್ದರೆ, ಸಾಲದಲ್ಲಿ ಹೊಸ ಗಾಡಿ ಬೇಡ ಎಂಬುದೇ ನಮ್ಮ ಅಭಿಪ್ರಾಯ.

ಹೊರೆ ಎಷ್ಟು ಹೊರಬಲ್ಲದು?

ಗಾಡಿ ಹೊರಬಹುದಾದ ತೂಕವನ್ನು ಮಾರುವವರ ಬಾಯಿಂದ ಕೇಳದೆ ಆರ್.ಸಿ.ಯಲ್ಲಿ ನೋಡತಕ್ಕದ್ದು. ಅದರಲ್ಲಿ ಒಟ್ಟು ತೂಕ, ಖಾಲಿ ತೂಕ ಎಂದು ಎರಡು ಅಂಕಿಗಳಿರುತ್ತವೆ. ಒಂದರಿಂದ ಇನ್ನೊಂದನ್ನು ಕಳೆದರೆ ಬರುವುದೇ ಹೊರೆ. ಉದಾಹರಣೆಗೆ ಒಟ್ಟು ೨,೯೯೦, ಖಾಲಿ ೧,೬೯೦ ಇದ್ದರೆ ಉಳಿಯುವುದು ೧,೩೦೦ ಕಿಲೋ, ಅಂದರೆ ೫೦ ಕಿಲೋದ ೨೬ ಚೀಲ. ಆಮೇಲೆ ಕಟ್ಟಿಸಿದ ಕಬ್ಬಿಣದ ಚೌಕಟ್ಟು, ಟಾರ್ಪಾಲು, ಜೊತೆಗೆ ಹೋಗುವ ಆಳು ಎಲ್ಲವೂ ಇದರಲ್ಲೇ ಸೇರಬೇಕು.

ಒಟ್ಟು ತೂಕ ೩,೦೦೦ ಕಿಲೋ ಮೀರದ ಸರಕು ಗಾಡಿಗೆ ೧೯೮೮ರ ಮೋಟಾರು ವಾಹನ ಕಾಯಿದೆಯ ೬೬ನೇ ಕಲಮಿನ ಪ್ರಕಾರ ಪರ್ಮಿಟ್ ಬೇಕಿಲ್ಲ. ಅದಕ್ಕಿಂತ ದೊಡ್ಡದಾದರೆ ಬೇಕು. ಅತಿಭಾರಕ್ಕೆ ೨೦೧೯ರ ತಿದ್ದುಪಡಿಯಲ್ಲಿ ೨೦,೦೦೦ ರೂಪಾಯಿ ದಂಡವನ್ನೂ ಹೆಚ್ಚಿನ ಪ್ರತಿ ಟನ್ನಿಗೆ ೨,೦೦೦ ರೂಪಾಯಿಯನ್ನೂ ವಿಧಿಸಲಾಗಿದೆ. ಬಯಲುಸೀಮೆಯಲ್ಲಿ ಅತಿಭಾರ ಹೇರಿದರೆ ಸ್ಪ್ರಿಂಗು ಮುರಿದೀತು. ನಮ್ಮ ಘಾಟಿಯ ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿಯದೆ ಹೋದೀತು. ಹೊರೆ ಹೊತ್ತು ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಇಂದಿಗೂ ಸರಿ.

ಖಾಲಿ ಗಾಡಿಯ ತೊಂದರೆಯನ್ನೂ ಔರಾದ್ ಕಡೆಯವರು ಹೇಳಿದರು. ಮಳೆಗಾಲದಲ್ಲಿ ಅಲ್ಲಿಯ ಎರೆ ಮಣ್ಣಿನ ದಾರಿಯಲ್ಲಿ ಹಿಂಬದಿ ಹಗುರವಾದ ಪಿಕಪ್ ಸುಲಭವಾಗಿ ಜಾರುತ್ತದೆ. ಅವರು ಹಿಂದಿನ ಚಕ್ರದ ಮೇಲ್ಭಾಗಕ್ಕೆ ನಾಲ್ಕೈದು ಮರಳಿನ ಚೀಲ ಹಾಕಿಕೊಂಡು ಹೋಗುತ್ತಾರೆ. ಜಾರುವ ತೋಟದ ದಾರಿಗೂ ಈ ಉಪಾಯ ಒಗ್ಗುತ್ತದೆ. ನಾಲ್ಕು ಚಕ್ರಕ್ಕೂ ಎಳೆತವಿರುವ ಮಾದರಿಗಳಿಗೆ ಬೆಲೆ ಹೆಚ್ಚು. ಕಡಿದಾದ ಮಣ್ಣುದಾರಿ ನಿತ್ಯದ ಮಾತಾದರೆ ಮಾತ್ರ ಅದನ್ನು ಯೋಚಿಸಬಹುದು.

ಹೊಸ ಗಾಡಿಯ ಹೊಗೆ ಜಾಲರಿ

೨೦೨೦ರ ಏಪ್ರಿಲ್ ೧ರಿಂದ ಮಾರಾಟವಾಗುವ ಹೊಸ ಗಾಡಿಗಳು ಬಿ.ಎಸ್. ೬ ಮಾನಕದವು. ಇಂಥ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿಯೊಂದಿರುತ್ತದೆ. ಎಂಜಿನ್ ಚೆನ್ನಾಗಿ ಕಾದು ಸ್ವಲ್ಪ ದೂರ ಒಂದೇ ಸಮನೆ ಓಡಿದಾಗ ಆ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಬೀದರಿನಿಂದ ಹೈದರಾಬಾದಿಗೆ ತರಕಾರಿ ಒಯ್ಯುವವರಿಗೆ ಇದರ ಚಿಂತೆಯೇ ಇಲ್ಲ. ಆದರೆ ತೋಟದಿಂದ ಕಣಕ್ಕೆ, ಕಣದಿಂದ ಮನೆಗೆ ಎಂದು ದಿನವೂ ಎರಡು ಮೂರು ಕಿಲೋಮೀಟರು ಮಾತ್ರ ಓಡಿಸುವ ನಮ್ಮವರಿಗೆ ಜಾಲರಿ ಕಟ್ಟಿಕೊಳ್ಳುವ ಭಯ ಉಂಟು. ಆಗಾಗ ಡಾಂಬರು ರಸ್ತೆಯಲ್ಲಿ ಅರ್ಧ ಮುಕ್ಕಾಲು ಗಂಟೆ ಓಡಿಸಬೇಕು. ಎಚ್ಚರಿಕೆಯ ದೀಪ ಹತ್ತಿದರೆ ಉಪೇಕ್ಷಿಸಬಾರದು. ಕೆಲವು ಮಾದರಿಗಳಿಗೆ ಡೀಸೆಲ್ ಜೊತೆಗೆ ಆ್ಯಡ್‌ಬ್ಲೂ ಎಂಬ ದ್ರವವನ್ನೂ ಪ್ರತ್ಯೇಕ ಟ್ಯಾಂಕಿಗೆ ತುಂಬಬೇಕಾಗುತ್ತದೆ. ನೀವು ನೋಡುವ ಮಾದರಿಗೆ ಅದು ಬೇಕೇ ಎಂದು ಮೊದಲೇ ಕೇಳಿ ತಿಳಿಯಿರಿ.

ಬಿಡಿಭಾಗದ ವಿಚಾರದಲ್ಲಿ ಬೀದರಿನವರು ಅದೃಷ್ಟವಂತರು. ಗಡಿಯಾಚೆಯ ಜಹೀರಾಬಾದಿನಲ್ಲಿ ೧೯೮೦ರ ದಶಕದಲ್ಲಿ ಆಲ್ವಿನ್ ನಿಸ್ಸಾನ್ ಲಘು ಟ್ರಕ್ಕುಗಳ ಕಾರ್ಖಾನೆ ನಿಂತಿತು. ಆ ದಶಕದ ಕೊನೆಯಲ್ಲಿ ಅದು ಮಹೀಂದ್ರ ಕಂಪನಿಯ ಕೈಸೇರಿತು. ಹೀಗಾಗಿ ಈ ಗಾಡಿಗಳ ಕೆಲಸ ಬಲ್ಲ ಮೇಸ್ತ್ರಿಗಳು ಆ ಭಾಗದಲ್ಲಿ ಬಹಳ ಹಿಂದಿನಿಂದ ಇದ್ದಾರೆಂದು ಮಾಲೀಕರು ಹೇಳುತ್ತಾರೆ. ನಮ್ಮವರು ಕಲಿಯಬೇಕಾದುದು ಇಷ್ಟೇ: ನಿಮ್ಮ ತಾಲ್ಲೂಕಿನಲ್ಲಿ ಯಾವ ಗಾಡಿ ಹೆಚ್ಚಾಗಿ ಓಡುತ್ತಿದೆಯೋ, ಯಾವುದರ ಕ್ಲಚ್ ಪ್ಲೇಟು ಪೇಟೆಯಲ್ಲಿ ಅದೇ ದಿನ ಸಿಗುತ್ತದೆಯೋ ಅದೇ ನಿಮಗೆ ಒಳ್ಳೆಯ ಗಾಡಿ.

ಹಳೆಯ ಗಾಡಿಯ ಮಾತು

ತುಕ್ಕಿನ ಮಾತು ನಿಜವೇ. ಬೀದರ್ ಸೀಮೆಯ ವರ್ಷದ ಮಳೆ ೯೦೦ ಮಿಲಿಮೀಟರಿನ ಆಸುಪಾಸು. ಮಲೆನಾಡಿನಲ್ಲಿ ಅದರ ಎರಡರಷ್ಟು, ಮೂರರಷ್ಟು ಸುರಿಯುತ್ತದೆ. ಅಲ್ಲಿ ನಾವು ಕೆಳಗೆ ಬಗ್ಗಿ ನೋಡಿದ ಗಾಡಿಗಳ ಚಾಸಿಸ್ ನಮ್ಮ ಕಡೆಯವಕ್ಕಿಂತ ಗಟ್ಟಿಯಾಗಿತ್ತು. ಆದರೆ ಬಿಸಿಲಿಗೆ ರಬ್ಬರು ಒಡೆದಿರುತ್ತದೆ, ಧೂಳಿಗೆ ಏರ್ ಫಿಲ್ಟರು ಕಟ್ಟಿ ಎಂಜಿನ್ ಸವೆದಿರುತ್ತದೆ. ಹಿಂದಿನ ಸ್ಪ್ರಿಂಗಿಗೆ ಹೆಚ್ಚಿನ ಪ್ಲೇಟು ಸೇರಿಸಿದ್ದರೆ ಆ ಗಾಡಿ ಅತಿಭಾರ ಹೊತ್ತಿದೆ ಎಂದು ತಿಳಿಯಬೇಕು. ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿ. ಖಾಲಿ ಓಡಿಸಿ ನೋಡಿದರೆ ಸಾಲದು, ಹೊರೆ ಹಾಕಿ ಏರು ಹತ್ತಿಸಿ ನೋಡಿ.

ಕಬ್ಬಿಣಕ್ಕಿಂತ ಕಾಗದ ಮುಖ್ಯವೆಂಬುದಕ್ಕೆ ಔರಾದ್‌ನ ಒಬ್ಬ ಮಾಲೀಕರೇ ಸಾಕ್ಷಿ. ಔರಾದ್ ತಾಲ್ಲೂಕಿಗೆ ಮಹಾರಾಷ್ಟ್ರವೂ ತೆಲಂಗಾಣವೂ ಗಡಿ. ಇವರು ಗಡಿಯಾಚೆಯ ಮಧ್ಯವರ್ತಿಯಿಂದ ಅಗ್ಗಕ್ಕೆ ಗಾಡಿ ತಂದರು. ಹಣ ಪೂರ್ತಿ ಕೊಟ್ಟ ಮೇಲೆ ತಿಳಿದದ್ದು, ಆರ್.ಸಿ.ಯಲ್ಲಿ ಹಿಂದಿನ ಮಾಲೀಕರ ಸಾಲದ ಷರಾ ಹಾಗೆಯೇ ಇದೆ ಎಂದು. ಸಾಲ ತೀರದೆ ನಿರಾಕ್ಷೇಪಣಾ ಪತ್ರವಿಲ್ಲ, ಅದಿಲ್ಲದೆ ಇಲ್ಲಿಯ ನಂಬರಿಲ್ಲ. ಗಾಡಿ ಒಂದು ವರ್ಷಕ್ಕೂ ಮಿಕ್ಕಿ ಅಂಗಳದಲ್ಲೇ ನಿಂತಿತು.

ಹೊರ ರಾಜ್ಯದ ಗಾಡಿಗೆ ಅಲ್ಲಿಯ ಆರ್.ಟಿ.ಓ. ಕಚೇರಿಯಿಂದ ನಿರಾಕ್ಷೇಪಣಾ ಪತ್ರ (ಅರ್ಜಿ ನಮೂನೆ ೨೮) ಬೇಕು. ೧೨ ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಳ್ಳುವುದಾದರೆ ಇಲ್ಲಿಯ ನಂಬರು ಪಡೆಯಬೇಕು, ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಹೆಸರು ಬದಲಾವಣೆಗೆ ನಮೂನೆ ೨೯ ಮತ್ತು ೩೦, ಸಾಲ ತೀರಿದ್ದಕ್ಕೆ ನಮೂನೆ ೩೫. ಬೀದರಿನ ಕೆಎ ೩೮ ಅಥವಾ ಭಾಲ್ಕಿಯ ಕೆಎ ೩೯ ನಂಬರಿನ ಗಾಡಿಯಾದರೆ ನಮ್ಮ ರಾಜ್ಯದ್ದೇ ಆದುದರಿಂದ ಹೊಸ ನಂಬರಿನ ತೊಡಕಿಲ್ಲ. ಹೆಸರು ಬದಲಾವಣೆ ಮಾತ್ರ ತಪ್ಪದು. ವಿಮೆ, ಎಫ್.ಸಿ., ಸಾಲದ ಷರಾ ಇವುಗಳನ್ನು ಪರಿವಾಹನ್ ಮೊಬೈಲ್ ಆ್ಯಪ್‌ನಲ್ಲಿ ಗಾಡಿಯ ನಂಬರು ಹಾಕಿ ಮುಂಗಡ ಕೊಡುವ ಮೊದಲೇ ನೋಡಿಕೊಳ್ಳಬಹುದು. ಗಾಡಿ ಮಾರುವ ಸದಸ್ಯರಿಗೂ ಒಂದು ಮಾತು: ಆರ್.ಸಿ.ಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಹೊಣೆ ನಿಮ್ಮದೇ.

ಹಳದಿ ಫಲಕ, ಬಿಳಿ ಫಲಕ

ಸರಕು ಗಾಡಿಯೆಂದು ನೋಂದಣಿಯಾದ ಪಿಕಪ್ಪಿಗೆ ಹಳದಿ ಫಲಕ. ಅದಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ದುಬಾರಿ ಪಿಕಪ್ಪುಗಳು ಸ್ವಂತ ಬಳಕೆಯ ಬಿಳಿ ಫಲಕದಲ್ಲಿ ಬರುತ್ತವೆ. ಅವುಗಳಲ್ಲಿ ಬಾಡಿಗೆಗೆ ಮಾಲು ಸಾಗಿಸುವಂತಿಲ್ಲ. ಚಾಲನಾ ಪರವಾನಗಿಯ ಬಗ್ಗೆ ಬಹುಕಾಲ ಇದ್ದ ಗೊಂದಲ ೨೦೨೪ರ ನವೆಂಬರ್ ೬ರಂದು ನೀಗಿದೆ. ಲಘು ವಾಹನದ ಪರವಾನಗಿ ಇದ್ದವರು ಒಟ್ಟು ತೂಕ ೭,೫೦೦ ಕಿಲೋವರೆಗಿನ ಸರಕು ಗಾಡಿಯನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪಿತ್ತಿದೆ.

ಆಳುಗಳನ್ನು ಹಿಂದೆ ಕೂರಿಸಬೇಡಿ

ಇನ್ನು ನಾವು ಒತ್ತಿ ಹೇಳಬೇಕಾದ ಮಾತು. ಕೊಯ್ಲಿನ ಕಾಲದಲ್ಲಿ ಹೆಣ್ಣಾಳುಗಳನ್ನು ಪಿಕಪ್ಪಿನ ಹಿಂಬದಿ ನಿಲ್ಲಿಸಿ ತೋಟಕ್ಕೆ ಕರೆತರುವುದು ನಮ್ಮಲ್ಲಿ ರೂಢಿಯಾಗಿದೆ. ಬೀದರ್ ಸೀಮೆಯಲ್ಲೂ ಕೂಲಿಯವರು ಸಿಕ್ಕ ಗಾಡಿಯಲ್ಲಿ ಒತ್ತಿಕೊಂಡು ಹೋಗುವುದು ಉಂಟು. ೨೦೨೨ರ ನವೆಂಬರಿನಲ್ಲಿ ಆ ಜಿಲ್ಲೆಯ ಬೇಮಳಖೇಡ ಬಳಿ ಕೂಲಿ ಮುಗಿಸಿ ಮರಳುತ್ತಿದ್ದ ಮಹಿಳೆಯರ ಆಟೋಗೂ ಲಾರಿಗೂ ಡಿಕ್ಕಿಯಾಗಿ ೭ ಮಂದಿ ಮಹಿಳೆಯರು ತೀರಿಕೊಂಡರು. ಅಲ್ಲಿ ನಾವು ಮಾತನಾಡಿಸಿದ ಮಾಲೀಕರೆಲ್ಲರೂ ಈ ಸುದ್ದಿಯನ್ನು ತಾವಾಗಿಯೇ ಎತ್ತಿದರು. ಅಂದಿನಿಂದ ಹಿಂದೆ ಜನರನ್ನು ಹತ್ತಿಸುವುದನ್ನೇ ಬಿಟ್ಟೆವೆಂದು ಇಬ್ಬರು ಹೇಳಿದರು.

ಸರಕು ಗಾಡಿಯ ವಿಮೆಯಲ್ಲಿ ಮಾಲಿನ ಒಡೆಯ ಅಥವಾ ಆತನ ಪರವಾಗಿ ಮಾಲಿನ ಜೊತೆ ಹೋಗುವವನಿಗೆ ರಕ್ಷಣೆಯುಂಟು. ಸುಮ್ಮನೆ ಪ್ರಯಾಣಿಕರಾಗಿ ಹತ್ತಿದವರ ಹೊಣೆ ವಿಮಾ ಕಂಪನಿಯದಲ್ಲವೆಂದು ಸುಪ್ರೀಂ ಕೋರ್ಟು ೨೦೦೨ರಲ್ಲೇ ಹೇಳಿದೆ. ಅನಾಹುತವಾದರೆ ಪರಿಹಾರದ ಹಣ ತೋಟದ ಒಡೆಯನ ಮೇಲೆ ಬೀಳುತ್ತದೆ. ಎರಡು ಎಕರೆ ಮಾರಿದರೂ ಅದು ತೀರಲಿಕ್ಕಿಲ್ಲ. ಹೋದ ಜೀವವಂತೂ ಯಾವ ಹಣಕ್ಕೂ ಮರಳುವುದಿಲ್ಲ. ಆಳುಗಳನ್ನು ಕರೆತರುವ ಅಗತ್ಯವಿರುವವರು ಎರಡು ಸಾಲು ಸೀಟಿನ ಪಿಕಪ್ ನೋಡಬಹುದು. ಅದರಲ್ಲಿಯೂ ಆರ್.ಸಿ.ಯಲ್ಲಿ ಬರೆದಷ್ಟೇ ಮಂದಿಯನ್ನು ಸೀಟಿನ ಮೇಲೆಯೇ ಕೂರಿಸತಕ್ಕದ್ದು, ಮತ್ತು ಅವರಿಗೂ ವಿಮೆ ಅನ್ವಯಿಸುವಂತೆ ಪಾಲಿಸಿಯಲ್ಲಿ ಬರೆಸಿಕೊಳ್ಳತಕ್ಕದ್ದು. ಹೆಚ್ಚು ಜನರಿದ್ದರೆ ಪ್ರಯಾಣಿಕರ ಗಾಡಿಯನ್ನೇ ಬಾಡಿಗೆಗೆ ಗೊತ್ತುಮಾಡುವುದು ಕ್ಷೇಮ.

ಕೊನೆಯದಾಗಿ

ನೂರು ದಿನದ ಕೆಲಸವಿಲ್ಲದವರಿಗೆ ದಾರಿಯೇ ಇಲ್ಲವೆಂದಲ್ಲ. ಅಕ್ಕಪಕ್ಕದ ಮೂರು ನಾಲ್ಕು ಮಂದಿ ಬೆಳೆಗಾರರು ಕೂಡಿ ಹಳದಿ ಫಲಕದ ಒಂದೇ ಗಾಡಿ ಇಟ್ಟುಕೊಂಡರೆ ನೂರೈವತ್ತು ದಿನದ ಕೆಲಸ ಒದಗುತ್ತದೆ. ಆರ್.ಸಿ. ಯಾರ ಹೆಸರಿನಲ್ಲಿ, ಕೊಯ್ಲಿನ ದಿನಗಳಲ್ಲಿ ಯಾರ ಸರದಿ, ರಿಪೇರಿಗೆ ಯಾರ ಪಾಲು ಎಷ್ಟು ಎಂಬುದನ್ನು ಮಾತ್ರ ಮೊದಲೇ ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಹಾಕಬೇಕು. ಭಾಲ್ಕಿಯ ಆ ರೈತರು ಈಗ ಮಾಡಿರುವುದೂ ಇದನ್ನೇ. ಇಬ್ಬರು ನೆರೆಯವರನ್ನು ಕೂಡಿಸಿಕೊಂಡ ಮೇಲೆ ಅವರ ಗಾಡಿ ಮನೆಯ ಮುಂದೆ ನಿಲ್ಲುವುದು ಕಡಿಮೆಯಾಗಿದೆ, ಕಂತೂ ತಪ್ಪಿಲ್ಲ. ಈ ಮಳೆಗಾಲದ ಮುಂಚೆ ಒಂದು ಎಮ್ಮೆಯನ್ನೂ ತಂದಿದ್ದಾರೆ.