ಹಳೇ ಪಿಕಪ್‌ನ ಕುಲುಕಾಟ: ಪ್ಲೇಟು ತೆಗೆಸುವ ಮುನ್ನ ಇಷ್ಟು ನೋಡಿ



ಸಂಘದಿಂದ ಶೀತಲೀಕರಣ ಕೇಂದ್ರಕ್ಕೆ ಹಾಲಿನ ಕ್ಯಾನ್ ಸಾಗಿಸಬೇಕು, ಹಸಿಮೇವು ತರಬೇಕು, ಪಶು ಆಹಾರದ ಚೀಲ ಇಳಿಸಬೇಕು, ತುರ್ತಿಗೆ ಹಸುವನ್ನು ಪಶು ಆಸ್ಪತ್ರೆಗೆ ಒಯ್ಯಬೇಕು. ಇಷ್ಟಕ್ಕೂ ನಮ್ಮ ಅನೇಕ ಹಳ್ಳಿಗಳಲ್ಲಿ ಒಂದು ಹಳೇ ಪಿಕಪ್ಪೇ ಗತಿ. ಅದು ಗುಂಡಿಗೆ ಇಳಿದಾಗಲೆಲ್ಲ ಸೊಂಟ ಹಿಡಿದುಕೊಂಡು, "ಹಳೇ ಗಾಡಿ ಅಂದ್ರೆ ಇಷ್ಟೇ" ಎಂದು ಸುಮ್ಮನಾಗುತ್ತೇವೆ. ಆದರೆ ಕುಲುಕಾಟಕ್ಕೆ ಗಾಡಿಯ ವಯಸ್ಸೊಂದೇ ಕಾರಣವಲ್ಲ. ಬಹಳ ಸಲ ಸ್ವಲ್ಪ ಗಮನ, ಸ್ವಲ್ಪ ಖರ್ಚಿನಲ್ಲಿ ಅದು ಕಡಿಮೆಯಾಗುತ್ತದೆ.

ಕುಲುಕಾಟದಿಂದ ನಮಗೇನು ನಷ್ಟ?

ಸೊಂಟನೋವು ಒಂದು ಕಡೆ ಇರಲಿ, ಹಾಲಿನ ಮಾತು ನೋಡಿ. ಅರ್ಧ ತುಂಬಿದ ಕ್ಯಾನು ದಾರಿಯುದ್ದಕ್ಕೂ ಕುಲುಕಿದರೆ ಒಳಗಿನ ಹಾಲು ಕಡೆಗೋಲಿಗೆ ಸಿಕ್ಕಂತಾಗುತ್ತದೆ. ಮುಚ್ಚಳ ತೆಗೆದಾಗ ಅಂಚಿಗೆ ಬೆಣ್ಣೆಯ ಕಣ ಅಂಟಿರುವುದನ್ನು ನೀವೇ ಕಂಡಿರಬಹುದು. ಸದಸ್ಯರಿಗೆ ಸಂಘ ಹಣ ಕೊಡುವುದು ಜಿಡ್ಡಿನಂಶ ನೋಡಿ, ಸಂಘಕ್ಕೆ ಒಕ್ಕೂಟ ಕೊಡುವುದೂ ಜಿಡ್ಡಿನಂಶ ನೋಡಿ. ನಡುವೆ ಮುಚ್ಚಳಕ್ಕೆ ಅಂಟಿದ್ದು ಸಂಘದ ನಷ್ಟ, ಕೊನೆಗೆ ನಮ್ಮ ಬೋನಸ್ಸಿನ ನಷ್ಟ.

ಗಾಡಿ ಗಡುಸಾಗಿರುವುದೇಕೆ?

ಪಿಕಪ್‌ನ ಹಿಂದಿನ ಚಕ್ರಗಳ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪ್ಲೇಟುಗಳ ಕಟ್ಟು ಇರುತ್ತದೆ. ಭಾರ ಬಿದ್ದಾಗ ಬಾಗುವಂತೆ ಅದನ್ನು ಮಾಡಿರುತ್ತಾರೆ. ಆದ್ದರಿಂದ ಖಾಲಿ ಗಾಡಿ ಸ್ವಲ್ಪ ಎಗರುವುದು ಸಹಜ. ಲೋಡು ಇದ್ದಾಗಲೂ ಎಗರಿದರೆ, ಅಥವಾ ಮೊದಲಿಗಿಂತ ಹೆಚ್ಚು ಎಗರತೊಡಗಿದರೆ ಎಲ್ಲೋ ದೋಷವಿದೆ ಎಂದರ್ಥ.

ಈ ಕ್ರಮದಲ್ಲಿ ನೋಡಿ

1. ಟೈರಿನ ಗಾಳಿ: ಹೆಚ್ಚು ಗಾಳಿ ತುಂಬಿದ ಟೈರು ಕಲ್ಲಿನಂತೆ ಬಡಿಯುತ್ತದೆ. ಎಷ್ಟು ಗಾಳಿ ಇರಬೇಕೆಂದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಥವಾ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಬೆಳಿಗ್ಗೆ, ಗಾಡಿ ಓಡುವ ಮೊದಲೇ ಅಳೆಸಿ. ಮೆತ್ತಗಾಗಲೆಂದು ಅದಕ್ಕಿಂತ ಕಡಿಮೆ ಮಾಡಬೇಡಿ. ಲೋಡಿನಲ್ಲಿ ಟೈರು ಕಾದು ಒಡೆಯುತ್ತದೆ.

2. ಶಾಕ್ ಅಬ್ಸಾರ್ಬರ್: ಗಾಡಿಯ ಒಂದು ಮೂಲೆಯನ್ನು ಬಲವಾಗಿ ಕೆಳಕ್ಕೆ ಒತ್ತಿ ಬಿಡಿ. ಒಂದೆರಡು ಸಲದಲ್ಲಿ ನಿಲ್ಲಬೇಕು. ತೊಟ್ಟಿಲಿನಂತೆ ಆಡುತ್ತಲೇ ಇದ್ದರೆ, ಅಥವಾ ಶಾಕ್‌ನ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿದ್ದರೆ ಅದರ ಕೆಲಸ ಮುಗಿದಿದೆ. ಬದಲಿಸುವಾಗ ಎಡ, ಬಲ ಎರಡನ್ನೂ ಒಟ್ಟಿಗೆ ಬದಲಿಸಿ.

3. ಬುಷ್ ಮತ್ತು ಶ್ಯಾಕಲ್: ಪ್ಲೇಟುಗಳ ಕಟ್ಟಿನ ಒಂದು ತುದಿ ಶ್ಯಾಕಲ್ ಎಂಬ ಕೊಂಡಿಯಲ್ಲಿ ಜೋಲುತ್ತದೆ. ಪ್ಲೇಟು ಬಾಗಿ ಉದ್ದವಾದಾಗ ಈ ಕೊಂಡಿ ಆಡಿಕೊಡಬೇಕು. ತುಕ್ಕು ಹಿಡಿದು ಬಿಗಿದರೆ ಪ್ಲೇಟು ಬಾಗಲಾರದು, ಪೆಟ್ಟೆಲ್ಲ ನೇರ ಗಾಡಿಗೆ ಬರುತ್ತದೆ. ಗ್ರೀಸ್ ನಿಪ್ಪಲ್ ಇದ್ದರೆ ಸರ್ವೀಸಿನಲ್ಲಿ ತಪ್ಪದೆ ಗ್ರೀಸ್ ಹೊಡೆಸಿ. ರಬ್ಬರ್ ಬುಷ್ ಇದ್ದರೆ ಗ್ರೀಸ್, ಎಣ್ಣೆ ಹಾಕಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಸವೆದ ಬುಷ್ ಬದಲಿಸುವುದೇ ಸರಿ.

4. ಪ್ಲೇಟುಗಳು: ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಒಂದು ಪಕ್ಕಕ್ಕೆ ವಾಲಿದ್ದರೆ ಪ್ಲೇಟು ಮುರಿದಿರಬಹುದು ಅಥವಾ ಸೊರಗಿರಬಹುದು. ಪ್ಲೇಟುಗಳ ನಡುವೆ ತುಕ್ಕು ಕಟ್ಟಿದ್ದರೂ ಅವು ಒಂದರ ಮೇಲೊಂದು ಜಾರದೆ ಗಡುಸಾಗುತ್ತವೆ. ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿ, ಉಜ್ಜಿಸಿ, ಗ್ರಾಫೈಟ್ ಗ್ರೀಸ್ ಹಚ್ಚಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕಟ್ಟನ್ನು ಮತ್ತೆ ಕೂರಿಸುವಾಗ ಹೊಸ ಯು-ಬೋಲ್ಟ್ ಹಾಕಿಸಿ, ಸ್ವಲ್ಪ ದಿನ ಓಡಿದ ಮೇಲೆ ಮತ್ತೆ ಬಿಗಿ ಮಾಡಿಸಿ.

5. ಬಂಪ್ ರಬ್ಬರ್: ಪ್ಲೇಟಿನ ಮೇಲ್ಭಾಗದಲ್ಲಿ, ಚಾಸಿಗೆ ಕೂರಿಸಿದ ರಬ್ಬರ್ ಗಟ್ಟಿ ಇರುತ್ತದೆ. ಅದು ಕಳಚಿ ಬಿದ್ದಿದ್ದರೆ ದೊಡ್ಡ ಗುಂಡಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣ "ದಢ್" ಎಂದು ಬಡಿಯುತ್ತದೆ. ಇದು ಸಣ್ಣ ಖರ್ಚಿನ ರಿಪೇರಿ.

ಪ್ಲೇಟು ತೆಗೆಸಬಹುದೇ?

"ಒಂದು ಪ್ಲೇಟು ತೆಗೆದರೆ ಮೆತ್ತಗಾಗುತ್ತೆ" ಎಂಬ ಸಲಹೆ ಬರುವುದುಂಟು. ಖಾಲಿ ಗಾಡಿ ಮೆತ್ತಗಾಗುವುದು ನಿಜ. ಆದರೆ 40 ಲೀಟರಿನ ಒಂದು ಕ್ಯಾನಿನಲ್ಲಿ ಹಾಲಿನ ತೂಕವೇ ಸುಮಾರು 41 ಕಿಲೋ. ಇಪ್ಪತ್ತು ಕ್ಯಾನು ಹೇರಿದರೆ 820 ಕಿಲೋ, ಕ್ಯಾನಿನ ತೂಕ ಬೇರೆ. ಆಗ ಉಳಿದ ಪ್ಲೇಟುಗಳ ಮೇಲೆ ಹೊರೆ ಬಿದ್ದು ಗಾಡಿ ಕುಗ್ಗುತ್ತದೆ, ಪ್ಲೇಟು ಮುರಿಯುತ್ತದೆ. ನಡುದಾರಿಯಲ್ಲಿ ಗಾಡಿ ನಿಂತರೆ ಕ್ಯಾನಿನಲ್ಲಿ ಹಾಲು ಕೆಡುತ್ತದೆ. ಕಂಪನಿ ಕೊಟ್ಟ ಪ್ಲೇಟನ್ನು ತೆಗೆಸಬೇಡಿ. ಹಿಂದಿನ ಮಾಲೀಕರು ಹೆಚ್ಚು ಲೋಡಿಗೆಂದು ಹೆಚ್ಚುವರಿ ಪ್ಲೇಟು ಹಾಕಿಸಿದ್ದರೆ ಮಾತು ಬೇರೆ. ಅದನ್ನು ಮೆಕ್ಯಾನಿಕ್‌ಗೆ ತೋರಿಸಿ, ಮೂಲದಲ್ಲಿ ಎಷ್ಟಿತ್ತೋ ಅಷ್ಟಕ್ಕೆ ತರಿಸಿ.

ಲೋಡು ಹಾಕುವಾಗ

ಕ್ಯಾನು, ಚೀಲಗಳನ್ನು ಬಾಗಿಲ ತುದಿಗೆ ಪೇರಿಸಬೇಡಿ. ಹಿಂದಿನ ಚಕ್ರಕ್ಕಿಂತ ಸ್ವಲ್ಪ ಮುಂದಕ್ಕೆ ಭಾರ ಬರಲಿ. ಅರ್ಧ ಅರ್ಧ ಇರುವ ಎರಡು ಕ್ಯಾನಿನ ಬದಲು ಒಂದನ್ನು ಪೂರ್ತಿ ತುಂಬಿಸಿ. ಕ್ಯಾನುಗಳು ಒಂದಕ್ಕೊಂದು ಬಡಿಯದಂತೆ ಹಗ್ಗ ಬಿಗಿಯಿರಿ.

ಹಸುವನ್ನು ಒಯ್ಯುವಾಗ ಕಾಲು ಜಾರದಂತೆ ತೆಂಗಿನ ನಾರಿನ ಚಾಪೆ ಅಥವಾ ಮರದ ಹಲಗೆ ಹಾಸಿ, ಮೇಲೆ ಹುಲ್ಲು ಹರಡಿ. ಮುಖ ಎಂಜಿನ್ ಕಡೆಗಿರಲಿ, ಜೊತೆಗೊಬ್ಬರು ನೋಡಿಕೊಳ್ಳುವವರು ಇರಲಿ, ಅದೇ ಟ್ರಿಪ್ಪಿನಲ್ಲಿ ಬೇರೆ ಸಾಮಾನು ಬೇಡ. 1978ರ ಪ್ರಾಣಿ ಸಾಗಣೆ ನಿಯಮಗಳೂ ಇದನ್ನೇ ಹೇಳುತ್ತವೆ. ಕರು ಹಾಕುವ ದಿನ ಹತ್ತಿರವಿರುವ ಗಬ್ಬದ ಹಸುವನ್ನು ಮಾತ್ರ ಪಶುವೈದ್ಯರನ್ನು ಕೇಳದೆ ಗಾಡಿ ಹತ್ತಿಸಬೇಡಿ. ಅವರನ್ನೇ ಕೊಟ್ಟಿಗೆಗೆ ಕರೆಸುವುದು ಒಳ್ಳೆಯದು.

ಕೆಚ್ಚಲು ಮುಟ್ಟಿ ನೋಡಿ ಕಾಯಿಲೆಯ ಸುಳಿವು ಹಿಡಿಯುವ ಕೈಗೆ ಗಾಡಿಯ ಮೂಲೆ ಒತ್ತಿ ನೋಡುವುದು ದೊಡ್ಡದಲ್ಲ. ನಾಳೆ ಬೆಳಿಗ್ಗೆ ಹಾಲು ಹಾಕಿ ಬಂದ ಮೇಲೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಟೈರಿನಿಂದಲೇ ಶುರು ಮಾಡಿ. ಗಾಡಿ ಬಾಡಿಗೆಯದಾದರೆ ಈ ಪಟ್ಟಿಯನ್ನು ಸಂಘದ ಮುಂದಿನ ಸಭೆಯಲ್ಲಿ ಓದಿ ಹೇಳಿ, ಮಾಲೀಕರಿಗೂ ತಿಳಿಸಿ.