ಒಂದು ಪುಟ್ಟ ಮೋಡ, 25 ಲಕ್ಷ ವರ್ಷಗಳ ದಾರಿ

ಬೇಸಿಗೆ ರಜೆಯಲ್ಲಿ ನಿಮ್ಮ ಮಗನೋ ಮಗಳೋ ಊರಿನ ಗ್ರಂಥಾಲಯದಿಂದ ಎರಡು ಪುಸ್ತಕಗಳನ್ನು ತಂದಿದ್ದಾರೆಂದು ಭಾವಿಸಿಕೊಳ್ಳಿ. ಒಂದು ಖಗೋಳ ವಿಜ್ಞಾನದ್ದು, ಇನ್ನೊಂದು ಬಾಹ್ಯಾಕಾಶದ ಕಾದಂಬರಿ. ಎರಡರ ಮುಖಪುಟದಲ್ಲೂ ಸುರುಳಿಯಾಕಾರದ ಗ್ಯಾಲಕ್ಸಿಯ ಚಿತ್ರವೇ ಇದೆ. ಮೊದಲನೆಯದನ್ನು ಓದುವಾಗ ಮನೆಯಲ್ಲಿ ಯಾರೂ ಏನೂ ಹೇಳುವುದಿಲ್ಲ. ಎರಡನೆಯದನ್ನು ಕೈಗೆತ್ತಿಕೊಂಡ ಕೂಡಲೇ, “ಈ ಸುಳ್ಳು ಕಥೆಗಳನ್ನು ಓದಿ ಏನು ಪ್ರಯೋಜನ? ಪಾಠ ಓದು” ಎಂಬ ಮಾತು ಬರುತ್ತದೆ.

ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ತೀರಾ ವಿರುದ್ಧವಾದ ಪರಿಸ್ಥಿತಿ ಇರುತ್ತದೆ. ಸಿನಿಮಾದ ನೌಕೆ ಒಂದು ಗ್ಯಾಲಕ್ಸಿಯಿಂದ ಇನ್ನೊಂದಕ್ಕೆ ಕ್ಷಣಾರ್ಧದಲ್ಲಿ ಜಿಗಿಯುವುದನ್ನು ಕಂಡ ಮಗು ಅದನ್ನೇ ವಿಜ್ಞಾನವೆಂದು ನಂಬುತ್ತದೆ. ಮೊಬೈಲಿನಲ್ಲಿ ಹರಿದಾಡುವ ಬಣ್ಣಬಣ್ಣದ ಚಿತ್ರಗಳನ್ನೂ ನಂಬುತ್ತದೆ. ಅದು ಹಾಗಲ್ಲ ಎಂದು ತಿಳಿಹೇಳುವವರು ಯಾರೂ ಇರುವುದಿಲ್ಲ.

ಈ ಎರಡೂ ರೀತಿಗಳಿಂದ ನಷ್ಟವಾಗುವುದು ಮಗುವಿಗೇ. ಮೊದಲನೆಯ ಮನೆಯಲ್ಲಿ ಅದರ ಕುತೂಹಲ ಬಾಡುತ್ತದೆ. ಎರಡನೆಯ ಮನೆಯಲ್ಲಿ ಸತ್ಯಾಸತ್ಯತೆಯ ವಿವೇಚನೆ ಬೆಳೆಯುವುದಿಲ್ಲ. ಯಾವುದು ಅಳೆದು ತಿಳಿದದ್ದು, ಯಾವುದು ಊಹಿಸಿ ಬರೆದದ್ದು ಎಂದು ಬೇರ್ಪಡಿಸಲು ಕಲಿತ ಮಗುವಿಗೆ ಮಾತ್ರ ಎರಡೂ ಪುಸ್ತಕಗಳು ಪ್ರಯೋಜನಕ್ಕೆ ಬರುತ್ತವೆ. ಇದನ್ನು ಕಲಿಸಲು ತಂದೆ ತಾಯಂದಿರು ವಿಜ್ಞಾನಿಗಳಾಗಬೇಕಾಗಿಲ್ಲ. ಒಂದೇ ಒಂದು ಗ್ಯಾಲಕ್ಸಿಯ ಇತಿಹಾಸ ತಿಳಿದಿದ್ದರೂ ಸಾಕು. ಅದುವೇ ನಮ್ಮ ನೆರೆಯ ಆಂಡ್ರೊಮಿಡಾ. ಕನ್ನಡದ ಖಗೋಳ ಪುಸ್ತಕಗಳಲ್ಲಿ ಆ ನಕ್ಷತ್ರಪುಂಜಕ್ಕೆ ದೇವಯಾನಿ ಎಂಬ ಹೆಸರಿದೆ.

ಮೀನಿನ ಬಾಯಿಯ ಮುಂದಿನ ಚುಕ್ಕೆಗಳು

ಹತ್ತನೆಯ ಶತಮಾನದಲ್ಲಿ ಇರಾನಿನ ಇಸ್ಫಹಾನ್ ನಗರದಲ್ಲಿ ಅಬ್ದುರ್ರಹ್ಮಾನ್ ಅಸ್ಸೂಫಿ ಎಂಬ ಖಗೋಳಜ್ಞರಿದ್ದರು. ಕ್ರಿ.ಶ. 903ರಲ್ಲಿ ರಯ್ಯ್ ಎಂಬಲ್ಲಿ ಜನಿಸಿದ ಅವರು ಬುವೈಹಿ ದೊರೆ ಅಳುದುದ್ದೌಲರ ಆಶ್ರಯದಲ್ಲಿದ್ದರು. 964ರ ಸುಮಾರಿಗೆ ಅವರು ಅರಬಿಯಲ್ಲಿ ಸ್ಥಿರ ನಕ್ಷತ್ರಗಳ ಕುರಿತು ಒಂದು ಮಹತ್ವದ ಗ್ರಂಥ ರಚಿಸಿದರು. ಗ್ರೀಕ್ ವಿದ್ವಾಂಸ ಟಾಲೆಮಿ ಎಂಟು ಶತಮಾನಗಳ ಹಿಂದೆ ಪಟ್ಟಿ ಮಾಡಿದ್ದ 48 ನಕ್ಷತ್ರಪುಂಜಗಳನ್ನು ಅವರು ಹಾಗೆಯೇ ನಕಲು ಮಾಡಲಿಲ್ಲ. ನಕ್ಷತ್ರಗಳ ಪ್ರಕಾಶವನ್ನು ಸ್ವತಃ ನೋಡಿ, ಹಿಂದಿನವರು ತಪ್ಪಿದ್ದಲ್ಲಿ ತಿದ್ದಿದರು. ಪ್ರತಿಯೊಂದು ಪುಂಜಕ್ಕೂ ಎರಡೆರಡು ಚಿತ್ರಗಳನ್ನು ಕೊಟ್ಟರು. ಒಂದು, ನೆಲದಿಂದ ನೋಡುವವನಿಗೆ ಕಾಣುವಂತೆ. ಇನ್ನೊಂದು, ಆಕಾಶಗೋಲದ ಮೇಲೆ ಹೊರಗಿನಿಂದ ಕಾಣುವಂತೆ.

ಅರಬರು ಆಂಡ್ರೊಮಿಡಾದ ಭಾಗದಲ್ಲಿ ಮೀನಿನ ಆಕೃತಿಯನ್ನೂ ಗುರುತಿಸುತ್ತಿದ್ದರು. ಆ ದೊಡ್ಡ ಮೀನಿನ ಬಾಯಿಯ ಮುಂದೆ ಅಸ್ಸೂಫಿ ಕೆಲವು ಸಣ್ಣ ಚುಕ್ಕೆಗಳನ್ನಿಟ್ಟು, ಅಲ್ಲೊಂದು ಮೋಡದಂತಹ ಕಲೆ ಇದೆಯೆಂದು ಬರೆದರು. ‘ಸಹಾಬ್’ ಎಂದರೆ ಮೋಡ ಎಂಬುದು ಅರಬಿ ಕಲಿತ ಮಕ್ಕಳಿಗೂ ಗೊತ್ತು. ಇಂದು ಲಭ್ಯವಿರುವ ಬರಹಗಳಲ್ಲಿ ಆಂಡ್ರೊಮಿಡಾ ಗ್ಯಾಲಕ್ಸಿಯ ಅತ್ಯಂತ ಹಳೆಯ ಉಲ್ಲೇಖ ಇದೇ ಎಂದು ಪರಿಗಣಿಸಲಾಗಿದೆ.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಅಸ್ಸೂಫಿಯವರ ಬಳಿ ದೂರದರ್ಶಕವಿರಲಿಲ್ಲ. ಅದು ಬಂದದ್ದು ಆರು ಶತಮಾನಗಳಿಗಿಂತಲೂ ನಂತರ. ಬರಿಗಣ್ಣಿಗೆ ಕಂಡದ್ದು ಮೋಡದಂತಹ ಕಲೆ, ಅದನ್ನಷ್ಟೇ ಅವರು ಬರೆದರು. ಕಂಡದ್ದಕ್ಕಿಂತ ಒಂದು ಮಾತನ್ನೂ ಹೆಚ್ಚು ಸೇರಿಸದ ಈ ಪ್ರಾಮಾಣಿಕತೆಯೇ ವಿಜ್ಞಾನದ ಮೊದಲ ಪಾಠ. ಚಂದ್ರನ ಮೇಲಿನ ಒಂದು ಕುಳಿಗೆ ಅವರ ಗೌರವಾರ್ಥ ‘ಅಝೋಫಿ’ ಎಂಬ ಹೆಸರಿಡಲಾಗಿದೆ.

ಮೋಡದ ದೂರ ಅಳೆದವರು

ಮೋಡ ಕಂಡಿತು ಸರಿ, ಅದು ಎಷ್ಟು ದೂರದಲ್ಲಿದೆ? ಈ ಪ್ರಶ್ನೆಗೆ ಉತ್ತರ ಸಿಗಲು ಸಾವಿರ ವರ್ಷಗಳೇ ಹಿಡಿದವು. 1920ರಷ್ಟು ಈಚೆಗೂ ಅಮೆರಿಕದ ಇಬ್ಬರು ಖಗೋಳ ವಿಜ್ಞಾನಿಗಳಾದ ಶ್ಯಾಪ್ಲಿ ಮತ್ತು ಕರ್ಟಿಸ್ ಈ ಬಗ್ಗೆ ಬಹಿರಂಗ ಚರ್ಚೆ ನಡೆಸಿದ್ದರು. ಇಂತಹ ಸುರುಳಿಗಳೆಲ್ಲ ನಮ್ಮ ಕ್ಷೀರಪಥದ ವ್ಯಾಪ್ತಿಯೊಳಗೇ ಇವೆಯೆಂದು ಶ್ಯಾಪ್ಲಿ ವಾದಿಸಿದರೆ, ಅವು ನಮ್ಮದರಂತಹ ಬೇರೆ ಬೇರೆ ನಕ್ಷತ್ರ ಲೋಕಗಳೆಂದು ಕರ್ಟಿಸ್ ವಾದಿಸಿದರು.

ಇದನ್ನು ಬಗೆಹರಿಸುವ ಅಳತೆಗೋಲನ್ನು ಅದಾಗಲೇ ಒಬ್ಬ ಮಹಿಳೆ ಸಿದ್ಧಪಡಿಸಿದ್ದರು. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಅತ್ಯಲ್ಪ ವೇತನಕ್ಕೆ ಛಾಯಾಚಿತ್ರ ಫಲಕಗಳನ್ನು ಪರಿಶೀಲಿಸುತ್ತಿದ್ದ, ಶ್ರವಣದೋಷವಿದ್ದ ಹೆನ್ರಿಯೆಟಾ ಲೆವಿಟ್ ಅವರೇ ಆ ಮಹಿಳೆ. ಕೆಲವು ನಕ್ಷತ್ರಗಳು ನಿಯಮಿತವಾಗಿ ಪ್ರಕಾಶಿಸಿ ಮತ್ತೆ ಮಂಕಾಗುತ್ತವೆ. ಈ ಆವರ್ತನ ದೀರ್ಘವಾದಷ್ಟೂ ಆ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚಿರುತ್ತದೆ ಎಂದು ಅವರು 1912ರಲ್ಲಿ 25 ನಕ್ಷತ್ರಗಳ ಆಧಾರದಲ್ಲಿ ತೋರಿಸಿಕೊಟ್ಟರು.

ಇದರಿಂದ ದೂರ ತಿಳಿಯುವುದು ಹೇಗೆ? ಕತ್ತಲೆಯ ರಸ್ತೆಯಲ್ಲಿ ನಿಂತು ದೂರದ ಬಲ್ಬ್ ಒಂದನ್ನು ನೋಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಅದು ಎಷ್ಟು ವ್ಯಾಟಿನದ್ದೆಂದು ಗೊತ್ತಿಲ್ಲದಿದ್ದರೆ, ಹತ್ತಿರದ ಸಣ್ಣ ಬಲ್ಬೋ ದೂರದ ದೊಡ್ಡ ಬಲ್ಬೋ ಎಂದು ಹೇಳಲಾಗದು. 100 ವ್ಯಾಟ್ ಎಂದು ಗೊತ್ತಾದರೆ, ಅದು ಎಷ್ಟು ಮಂಕಾಗಿ ಕಾಣುತ್ತದೆ ಎಂಬುದರಿಂದ ದೂರವನ್ನು ಲೆಕ್ಕ ಹಾಕಬಹುದು. ಲೆವಿಟ್ ಕಂಡುಹಿಡಿದದ್ದು ನಕ್ಷತ್ರಗಳ ಈ ‘ವ್ಯಾಟ್’ ತಿಳಿಯುವ ದಾರಿಯನ್ನು.

1923ರ ಅಕ್ಟೋಬರ್‌ನಲ್ಲಿ ಎಡ್ವಿನ್ ಹಬಲ್ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ 100 ಇಂಚಿನ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ ಆಂಡ್ರೊಮಿಡಾದೊಳಗೆ ಅಂತಹ ಒಂದು ನಕ್ಷತ್ರವನ್ನು ಗುರುತಿಸಿದರು. ಅದರ ಆವರ್ತನ ಸುಮಾರು 31 ದಿನಗಳು. ಲೆವಿಟ್ ಅವರ ನಿಯಮದಂತೆ ಲೆಕ್ಕ ಹಾಕಿದಾಗ ಅದರ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಎಂದು ಬಂತು. ಅಂದರೆ ಅದು ನಮ್ಮ ಕ್ಷೀರಪಥದಿಂದ ಬಹಳ ಹೊರಗಿನ ಬೇರೊಂದು ಗ್ಯಾಲಕ್ಸಿ! 1925ರ ಜನವರಿ 1ರಂದು ಈ ಫಲಿತಾಂಶವನ್ನು ವಿಜ್ಞಾನಿಗಳ ಸಭೆಯಲ್ಲಿ ಓದಲಾಯಿತು. ತನ್ನ ಅಳತೆಗೋಲು ಕೊಟ್ಟ ಈ ಫಲವನ್ನು ನೋಡಲು ಲೆವಿಟ್ ಇರಲಿಲ್ಲ. ಅವರು 1921ರಲ್ಲೇ ತೀರಿಕೊಂಡಿದ್ದರು.

ಹಬಲ್ ಅವರ ಅಂಕಿಯೂ ಅಂತಿಮವಾಗಲಿಲ್ಲ. ಅಂತಹ ನಕ್ಷತ್ರಗಳಲ್ಲಿ ಎರಡು ಬಗೆಗಳಿವೆಯೆಂದು 1952ರಲ್ಲಿ ವಾಲ್ಟರ್ ಬಾಡೆ ತೋರಿಸಿದಾಗ ದೂರ ಇಮ್ಮಡಿಗೂ ಹೆಚ್ಚಾಯಿತು. ಇಂದಿನ ಅಳತೆಯಂತೆ ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಒಂದು ಜ್ಯೋತಿರ್ವರ್ಷವೆಂದರೆ, ಸೆಕೆಂಡಿಗೆ 3 ಲಕ್ಷ ಕಿ.ಮೀ. ವೇಗದ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಸುಮಾರು 9.46 ಲಕ್ಷ ಕೋಟಿ ಕಿ.ಮೀ. ಅಸ್ಸೂಫಿ ಇಸ್ಫಹಾನಿನಲ್ಲಿ ಕಂಡ ಬೆಳಕು ಅಲ್ಲಿಂದ ಹೊರಟು ಆಗಲೇ 25 ಲಕ್ಷ ವರ್ಷಗಳಾಗಿದ್ದವು.

ಕಥೆಗಾರರ ನೌಕೆಗಳು

ಇನ್ನು ಕಾದಂಬರಿಗಳಿಗೆ ಬರೋಣ. 1865ರಲ್ಲಿ ಜೂಲ್ಸ್ ವರ್ನ್ ತನ್ನ ಕಾದಂಬರಿಯಲ್ಲಿ ಮನುಷ್ಯರನ್ನು ಫಿರಂಗಿಯ ಮೂಲಕ ಚಂದ್ರನತ್ತ ಹಾರಿಸಿದರು. 1901ರಲ್ಲಿ ಎಚ್.ಜಿ. ವೆಲ್ಸ್ ಗುರುತ್ವವನ್ನು ತಡೆಯುವ ಒಂದು ಕಾಲ್ಪನಿಕ ವಸ್ತುವಿನ ನೆರವಿನಿಂದ ತನ್ನ ಪಾತ್ರಗಳನ್ನು ಅಲ್ಲಿಗೆ ಕಳುಹಿಸಿದರು. ಹಬಲ್ ಅವರ ಆವಿಷ್ಕಾರದ ನಂತರ ಕಥೆಗಾರರ ಅಂಗಳವೂ ವಿಸ್ತಾರವಾಯಿತು. ಐಸಾಕ್ ಅಸಿಮೋವ್ ಅವರ ‘ಫೌಂಡೇಶನ್’ ಸರಣಿ 1942ರಿಂದ ಪತ್ರಿಕೆಯಲ್ಲಿ ಪ್ರಕಟವಾಗಿ, 1951ರಲ್ಲಿ ಪುಸ್ತಕವಾಗಿ ಹೊರಬಂತು. ಅದರಲ್ಲಿ ಇಡೀ ಕ್ಷೀರಪಥವೇ ಒಂದು ಸಾಮ್ರಾಜ್ಯ. 1957ರಲ್ಲಿ ಸೋವಿಯತ್ ಲೇಖಕ ಇವಾನ್ ಯೆಫ್ರೆಮೊವ್ ಆಂಡ್ರೊಮಿಡಾದ ಹೆಸರನ್ನೇ ತನ್ನ ಕಾದಂಬರಿಗೆ ಇಟ್ಟರು.

ಈ ಇಬ್ಬರನ್ನು ಹೋಲಿಸಿ ನೋಡಿದರೆ ನಮ್ಮ ವಿಷಯ ಸ್ಪಷ್ಟವಾಗುತ್ತದೆ. ಅಸಿಮೋವ್ ಅವರ ನೌಕೆಗಳು ‘ಹೈಪರ್‌ಸ್ಪೇಸ್’ ಎಂಬ ಕಲ್ಪಿತ ದಾರಿಯಲ್ಲಿ ಜಿಗಿದು ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುತ್ತವೆ. ಯಾಕೆಂದರೆ ಬೆಳಕಿನ ವೇಗದ ಮಿತಿಯನ್ನು ಪಾಲಿಸಿದರೆ, ರಾಜಧಾನಿಯಿಂದ ಹೊರಟ ಆಜ್ಞೆ ಗಡಿನಾಡನ್ನು ತಲುಪುವಷ್ಟರಲ್ಲಿ ಹತ್ತಾರು ಸಾವಿರ ವರ್ಷಗಳು ಕಳೆದು ಸಾಮ್ರಾಜ್ಯವೇ ಇರುವುದಿಲ್ಲ. ಯೆಫ್ರೆಮೊವ್ ಅವರ ಕಾದಂಬರಿಯಲ್ಲಾದರೋ ಬೇರೆ ಬೇರೆ ಲೋಕಗಳ ಜನರು ಮುಖ್ಯವಾಗಿ ಸಂದೇಶಗಳ ಮೂಲಕವೇ ಪರಸ್ಪರರನ್ನು ಅರಿಯುತ್ತಾರೆ. ದೂರದಿಂದ ಬಂದ ಸಂದೇಶ ಬಹಳ ಹಳೆಯದಾಗಿರುತ್ತದೆ ಎಂಬ ಸತ್ಯವನ್ನು ಆ ಕಥೆ ಮರೆಯುವುದಿಲ್ಲ.

ವಾಸ್ತವವೇನು? 1977ರಲ್ಲಿ ಹಾರಿಬಿಟ್ಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಸಾಗುತ್ತಿದೆ. ಮನುಷ್ಯ ನಿರ್ಮಿತ ವಸ್ತುಗಳಲ್ಲಿ ನಮ್ಮಿಂದ ಅತ್ಯಂತ ದೂರ ಹೋಗಿರುವುದು ಅದುವೇ. ಈ ವೇಗದಲ್ಲಿ, ಸೂರ್ಯನ ನಂತರದ ಅತ್ಯಂತ ಸಮೀಪದ ನಕ್ಷತ್ರದಷ್ಟು ದೂರ ಸಾಗಲು ಸುಮಾರು 75 ಸಾವಿರ ವರ್ಷಗಳು ಬೇಕು. ಆಂಡ್ರೊಮಿಡಾದಷ್ಟು ದೂರಕ್ಕೆ ಸುಮಾರು 4,400 ಕೋಟಿ ವರ್ಷಗಳು! ವಿಶ್ವದ ಈಗಿನ ವಯಸ್ಸೇ ಸುಮಾರು 1,380 ಕೋಟಿ ವರ್ಷ. “ಉಮ್ಮಾ, ಆ ಗ್ಯಾಲಕ್ಸಿಗೆ ಹೋಗಲು ಎಷ್ಟು ದಿನ ಬೇಕು?” ಎಂದು ಮಗು ಕೇಳಿದರೆ ಈ ಲೆಕ್ಕವನ್ನು ಅದರ ಕೈಯಿಂದಲೇ ಮಾಡಿಸಿ. ಸಿನಿಮಾದ ನೌಕೆಯನ್ನು ಆ ಮಗು ಮುಂದೆಯೂ ಆನಂದಿಸೀತು, ಆದರೆ ಮೋಸಹೋಗದು.

ಕಥೆಯೂ ಪ್ರಶ್ನೆ ಕೇಳುತ್ತದೆ

ಹಾಗಾದರೆ ಕಾದಂಬರಿಗಳನ್ನು ಬದಿಗಿಡೋಣವೇ? ಅವಸರ ಬೇಡ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ 1985ರಲ್ಲಿ ‘ಕಾಂಟ್ಯಾಕ್ಟ್’ ಎಂಬ ಕಾದಂಬರಿ ಪ್ರಕಟಿಸಿದರು. ಅದರ ನಾಯಕಿ ನಕ್ಷತ್ರಗಳ ನಡುವಿನ ದೂರವನ್ನು ದಾಟಬೇಕಿತ್ತು. ಅದಕ್ಕೆ ವಿಜ್ಞಾನಕ್ಕೆ ತೀರಾ ಹೊರತಾಗದ ದಾರಿಯೊಂದನ್ನು ಸೂಚಿಸುವಂತೆ ಅವರು ತನ್ನ ಮಿತ್ರ, ಭೌತ ವಿಜ್ಞಾನಿ ಕಿಪ್ ಥಾರ್ನ್‌ರನ್ನು ಕೇಳಿಕೊಂಡಿದ್ದರು. ಲೇಖಕನ ಈ ಪ್ರಶ್ನೆಯನ್ನು ಥಾರ್ನ್ ಗಂಭೀರವಾಗಿ ಪರಿಗಣಿಸಿದರು. ಅದರಿಂದ ಹುಟ್ಟಿದ ಚಿಂತನೆ 1988ರಲ್ಲಿ ‘ವರ್ಮ್‌ಹೋಲ್’ಗಳ ಕುರಿತಾದ ವೈಜ್ಞಾನಿಕ ಪ್ರಬಂಧವಾಯಿತು. ಅಂತಹ ದಾರಿ ಲೆಕ್ಕದಲ್ಲಿ ಮಾತ್ರ ಇದೆ, ಆಕಾಶದಲ್ಲಿ ಒಂದೂ ಕಂಡುಬಂದಿಲ್ಲ ಎಂಬುದು ನಿಜ. ಆದರೆ ಒಂದು ಕಥೆ ಒಬ್ಬ ವಿಜ್ಞಾನಿಯನ್ನು ಹೊಸ ಲೆಕ್ಕಕ್ಕೆ ಹಚ್ಚಿತು ಎಂಬುದೂ ಅಷ್ಟೇ ನಿಜ. ಇದೇ ಥಾರ್ನ್ ಗುರುತ್ವ ಅಲೆಗಳ ಪತ್ತೆಗಾಗಿ 2017ರಲ್ಲಿ ನೊಬೆಲ್ ಪುರಸ್ಕಾರ ಹಂಚಿಕೊಂಡರು.

ನಮ್ಮ ದೇಶದ ಜಯಂತ್ ನಾರ್ಳೀಕರ್ ಇನ್ನೊಂದು ಉತ್ತಮ ಉದಾಹರಣೆ. ಪುಣೆಯ ಖಗೋಳ ಸಂಶೋಧನಾ ಕೇಂದ್ರವನ್ನು ಕಟ್ಟಿ ಬೆಳೆಸಿದ ಅವರು 1974ರಲ್ಲಿ ಮರಾಠಿಯ ವೈಜ್ಞಾನಿಕ ಕಥಾ ಸ್ಪರ್ಧೆಗೆ ಕಪ್ಪುಕುಳಿಯ ಕುರಿತಾದ ಕಥೆಯೊಂದನ್ನು ಬೇರೆ ಹೆಸರಿನಲ್ಲಿ ಕಳುಹಿಸಿದ್ದರು. ತನ್ನ ಖ್ಯಾತಿ ತೀರ್ಪುಗಾರರ ಮೇಲೆ ಪ್ರಭಾವ ಬೀರಬಾರದೆಂಬುದು ಅವರ ಉದ್ದೇಶವಾಗಿತ್ತು. ಆ ಕಥೆಗೆ ಬಹುಮಾನವೂ ಬಂತು. ಅವರ ‘ಧೂಮಕೇತು’ ಕಥೆಯಲ್ಲಿ ಭೂಮಿಯತ್ತ ಬರುವ ಧೂಮಕೇತುವಿನ ಮುಂದೆ ಒಂದೆಡೆ ವಿಜ್ಞಾನಿಯ ಲೆಕ್ಕಾಚಾರ, ಇನ್ನೊಂದೆಡೆ ಅವನದೇ ಮನೆಯವರ ಮೂಢನಂಬಿಕೆ ಎದುರುಬದುರಾಗುತ್ತವೆ. 2025ರ ಮೇ ತಿಂಗಳಲ್ಲಿ ನಿಧನರಾಗುವ ತನಕ ಅವರು ವಿಜ್ಞಾನವನ್ನು ಜನಸಾಮಾನ್ಯರಿಗೆ ತಲುಪಿಸುವ ಕಾರ್ಯದಲ್ಲಿದ್ದರು. ಕನ್ನಡದಲ್ಲೂ ರಾಜಶೇಖರ ಭೂಸನೂರಮಠರಂತಹವರು ವೈಜ್ಞಾನಿಕ ಕಥೆಗಳನ್ನು ಬರೆದಿದ್ದಾರೆ.

ನೀವು ಮಾಡಬಹುದಾದದ್ದು

ಮಗು ಯಾವುದೇ ಬಾಹ್ಯಾಕಾಶ ಪುಸ್ತಕವನ್ನು ಓದಿ ಮುಗಿಸಿದಾಗ ಮೂರು ಪ್ರಶ್ನೆಗಳನ್ನು ಕೇಳಿ. ಇದರಲ್ಲಿ ಯಾರಾದರೂ ಅಳೆದು ತಿಳಿದದ್ದು ಯಾವುದು? ಲೇಖಕರು ಊಹಿಸಿದ್ದು ಯಾವುದು? ಆ ಊಹೆ ಯಾಕೆ ಬೇಕಾಯಿತು? ಮೂರನೆಯ ಪ್ರಶ್ನೆಯೇ ಮುಖ್ಯ. ‘ಹೈಪರ್‌ಸ್ಪೇಸ್’ ಯಾಕೆ ಬೇಕಾಯಿತೆಂದು ವಿವರಿಸಬಲ್ಲ ಮಗುವಿಗೆ ಬೆಳಕಿನ ವೇಗದ ಮಿತಿ ಏನೆಂಬುದು ಅರ್ಥವಾಗಿದೆ ಎಂದೇ ತಿಳಿಯಿರಿ.

ವಿಜ್ಞಾನದ ಪುಸ್ತಕವನ್ನೂ ಇದೇ ರೀತಿ ಪ್ರಶ್ನಿಸಲು ಕಲಿಸಬೇಕು. ಆಂಡ್ರೊಮಿಡಾ ಮತ್ತು ನಮ್ಮ ಕ್ಷೀರಪಥ 400-500 ಕೋಟಿ ವರ್ಷಗಳ ನಂತರ ಡಿಕ್ಕಿಯಾಗುವುದು ಖಚಿತವೆಂದು ಅನೇಕ ಪುಸ್ತಕಗಳಲ್ಲಿದೆ. ಆದರೆ ಮುಂದಿನ ಸಾವಿರ ಕೋಟಿ ವರ್ಷಗಳಲ್ಲಿ ಹಾಗಾಗುವ ಸಾಧ್ಯತೆ ಸುಮಾರು ಅರ್ಧದಷ್ಟು ಮಾತ್ರ ಎಂದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಹೊಸ ಅಳತೆ ಬಂದಾಗ ಹಳೆಯ ಮಾತನ್ನು ತಿದ್ದಿಕೊಳ್ಳುವುದು ವಿಜ್ಞಾನದ ದೌರ್ಬಲ್ಯವಲ್ಲ, ಅದರ ಶಕ್ತಿ.

ಹೆಣ್ಣುಮಕ್ಕಳ ತಂದೆ ತಾಯಂದಿರಲ್ಲಿ ಒಂದು ವಿಶೇಷ ವಿನಂತಿ. “ನಿನಗೇಕೆ ನಕ್ಷತ್ರಗಳ ಗೊಡವೆ?” ಎಂಬ ಮಾತು ನಿಮ್ಮ ಬಾಯಿಯಿಂದ ಬರದಿರಲಿ. ಗ್ಯಾಲಕ್ಸಿಗಳ ದೂರ ಅಳೆಯುವ ಕೋಲನ್ನು ಜಗತ್ತಿಗೆ ಕೊಟ್ಟದ್ದು ಕಿವಿ ಕೇಳದ ಒಬ್ಬ ಮಹಿಳೆ ಎಂಬುದನ್ನು ಅವರಿಗೆ ತಿಳಿಸಿ.

ಕೊನೆಯದಾಗಿ, ಪುಸ್ತಕ ಮುಚ್ಚಿಟ್ಟು ಒಮ್ಮೆ ಹೊರಗೂ ಬನ್ನಿ. ನವೆಂಬರ್-ಡಿಸೆಂಬರ್ ತಿಂಗಳ ಚಂದ್ರನಿಲ್ಲದ ರಾತ್ರಿ, ಎಂಟು ಗಂಟೆಯ ಹೊತ್ತಿಗೆ ಬೀದಿದೀಪಗಳಿಲ್ಲದ ಕಡೆ ಮನೆಮಂದಿಯೆಲ್ಲ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಇಂಗ್ಲಿಷಿನ ಎಂ ಅಥವಾ ಡಬ್ಲ್ಯು ಅಕ್ಷರದಂತೆ ಕಾಣುವ ಐದು ನಕ್ಷತ್ರಗಳ ಕುಂತಿ ಪುಂಜವನ್ನು ಹುಡುಕಿ. ಅದರ ಎರಡು ಕೋನಗಳಲ್ಲಿ ಹೆಚ್ಚು ಚೂಪಾದದ್ದು ಬಾಣದಂತೆ ತೋರಿಸುವ ದಿಕ್ಕಿನಲ್ಲಿ ನೆತ್ತಿಯ ಕಡೆಗೆ ಕಣ್ಣು ಹಾಯಿಸಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು. ಬೈನಾಕ್ಯುಲರ್ ಇದ್ದರೆ ಇನ್ನೂ ಸುಲಭ. ಅಲ್ಲೊಂದು ಮಸುಕಾದ ಕಲೆ ಕಂಡೀತು. ಅದುವೇ ಅಸ್ಸೂಫಿಯವರ ಪುಟ್ಟ ಮೋಡ. ಅದರ ಕುರಿತು ಈವರೆಗೆ ತಿಳಿದದ್ದೇನು, ಊಹಿಸಿದ್ದೇನು ಎಂಬುದನ್ನು ಅಲ್ಲಿಯೇ ನಿಂತು ಮಕ್ಕಳಿಗೆ ಹೇಳಿ. ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದಿದ್ದರೆ, ಮರುದಿನ ಅವರನ್ನು ಕರೆದುಕೊಂಡು ಗ್ರಂಥಾಲಯಕ್ಕೆ ಹೋಗಿ.