ಫೋನಿನೊಳಗೇ ಇರಬೇಕಾದ ಕನ್ನಡ

ಬೆಂಗಳೂರಿನ ಯಶವಂತಪುರದ ಒಂದು ಮಗ್ಗುಲಿಗೆ ಭಾರತೀಯ ವಿಜ್ಞಾನ ಸಂಸ್ಥೆ, ಇನ್ನೊಂದು ಮಗ್ಗುಲಿಗೆ ಜಾಲಹಳ್ಳಿಯ ಬಿಇಎಲ್. ನಮ್ಮ ಜೇಬಿಗೆ ಸ್ಮಾರ್ಟ್‌ಫೋನ್ ಬರುವುದಕ್ಕೂ ಮುಂಚೆ, ಅಂಗೈಯಗಲದ ಕಂಪ್ಯೂಟರೊಂದು ಇವೆರಡರ ನಂಟಿನಿಂದ ಹೊರಬಂದಿತ್ತು. ಅದರ ಹೆಸರು ಸಿಂಪ್ಯೂಟರ್. ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರು ಎನ್‌ಕೋರ್ ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ 2001ರಲ್ಲಿ ಅದರ ಮಾದರಿಯನ್ನು ತೋರಿಸಿದರು. 2004ರಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ' ಮಾರುಕಟ್ಟೆಗೆ ಬಂತು. ವ್ಯಾಪಾರ ಕುದುರಲಿಲ್ಲ. ಆದರೆ ಅದನ್ನು ರೂಪಿಸಿದವರು ಎದುರಿಸಿದ ಪ್ರಶ್ನೆ ಇಂದಿಗೂ ಹಳತಾಗಿಲ್ಲ: ಯಂತ್ರದ ಒಳಗೆ ಏನಿರಬೇಕು, ಯಾವುದನ್ನು ಹೊರಗಿಡಬೇಕು?

ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲಿ ಎಂಬುದು ಅವರ ಲೆಕ್ಕ. ಹಾಗಾಗಿ ಒಬ್ಬೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ, ಅದನ್ನು ಓದುವ ಕಿಂಡಿ ಮಾತ್ರ ಯಂತ್ರದಲ್ಲಿ. ಓದಲು ಬಾರದವರಿಗಾಗಿ ಬರಹವನ್ನು ಕನ್ನಡ, ಹಿಂದಿಗಳಲ್ಲಿ ಗಟ್ಟಿಯಾಗಿ ಓದುವ 'ಧ್ವನಿ' ತಂತ್ರಾಂಶ ಯಂತ್ರದ ಒಳಗೇ. ಇದಕ್ಕಿಂತ ನೇರವಾದ ಹಂಚಿಕೆಯನ್ನು ನಾನಂತೂ ಆಮೇಲೆ ಕಂಡಿಲ್ಲ. ಸಿಂಪ್ಯೂಟರ್ ಮರೆಗೆ ಸರಿದ ಮೇಲೂ 'ಧ್ವನಿ' ಉಳಿಯಿತು. ಬಿಡಿಸಿ ತೆಗೆಯಬಹುದಾದ ಮುಕ್ತ ತಂತ್ರಾಂಶ ಅದಾಗಿದ್ದರಿಂದ ತಂತ್ರಾಂಶ ಎಂಜಿನಿಯರ್ ಸಂತೋಷ್ ತೋಟ್ಟಿಂಗಲ್ ಅದನ್ನು ಲಿನಕ್ಸ್ ಗಣಕಗಳಿಗೆ, ಮಲಯಾಳವೂ ಸೇರಿದಂತೆ ಇನ್ನಷ್ಟು ಭಾಷೆಗಳಿಗೆ ಬೆಳೆಸಿದರು.

ಕನ್ನಡ ಅಕ್ಷರಗಳಿಗೆ ಹೀಗೆ ಯಂತ್ರದ ಒಳಗೇ ಇರುವ ಯೋಗ ಬೇಗ ಕೂಡಿಬರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಗೆ 'ತುಂಗಾ' ಫಾಂಟ್ ಬಂದಿತ್ತು, ನಿಜ. ಆದರೆ ಕನ್ನಡ ಸರಿಯಾಗಿ ಮೂಡಬೇಕಾದರೆ ಸೆಟ್ಟಿಂಗ್ಸಿನ ಮೂಲೆಯ ಒಂದು ಚೌಕಕ್ಕೆ ಟಿಕ್ ಹಾಕಬೇಕು, ಆಗ ಅದು ಮೂಲ ಸಿ.ಡಿ. ಕೇಳುತ್ತದೆ. ಸೈಬರ್ ಕೆಫೆಗಳಲ್ಲಿ ಆ ಸಿ.ಡಿ. ಎಲ್ಲಿತ್ತು! ಫೋನುಗಳದು ಇನ್ನೂ ಕಷ್ಟ. ಆಂಡ್ರಾಯ್ಡ್‌ಗೆ ಕನ್ನಡ ಸೇರಿದ್ದು 2012ರ 4.1 ಆವೃತ್ತಿಯಲ್ಲಿ, ತೆಲುಗು, ಮಲಯಾಳಗಳ ಜೊತೆಗೆ. ಅಲ್ಲಿಯವರೆಗೆ ಹಲವರಿಗೆ ಒಪೆರಾ ಮಿನಿ ಬ್ರೌಸರಿನ ಒಂದು ಉಪಾಯವೇ ಗತಿ. ಅಕ್ಷರಗಳನ್ನು ದೂರದ ಸರ್ವರಿನಲ್ಲೇ ಚಿತ್ರವಾಗಿ ಬಿಡಿಸಿ ಫೋನಿಗೆ ಕಳಿಸುತ್ತಿತ್ತು.

ಫಾಂಟೊಂದನ್ನು ಹಾಕಿಕೊಂಡರೆ ಮುಗಿಯಿತಲ್ಲ ಎನ್ನುವವರಿದ್ದರು. ಮುಗಿಯುವುದಿಲ್ಲ. ಯೂನಿಕೋಡಿನಲ್ಲಿ 'ಕ್ಷ' ಎಂಬುದು ಕ, ಹಲಂತ, ಷ ಎಂಬ ಮೂರು ಸಂಕೇತಗಳ ಸಾಲು. ಅವನ್ನು ಕೂಡಿಸುವುದು, ಒತ್ತಕ್ಷರವನ್ನು ಕೆಳಗಿಳಿಸುವುದು, ಅರ್ಕಾವೊತ್ತನ್ನು ಮುಂದಿನ ಅಕ್ಷರದ ಬಲಕ್ಕೆ ಸಾಗಿಸುವುದು, ಇದೆಲ್ಲ ಫಾಂಟೊಂದರಿಂದ ಆಗದು. ವ್ಯವಸ್ಥೆಯ ಒಳಗಿರುವ ಅಕ್ಷರ ಜೋಡಣೆಯ ಯಂತ್ರವೂ ಅದಕ್ಕೆ ಕೈಜೋಡಿಸಬೇಕು. ಜೊತೆಗೆ ಸಂದೇಶ ಕಳಿಸುವವರು ಯಾರೋ, ಓದುವವರು ಯಾರೋ. ನನ್ನ ಫೋನಿಗೆ ನಾನು ಏನೇ ಜೋಡಿಸಿಕೊಂಡರೂ ನಿಮ್ಮ ಫೋನಿನೊಳಗೆ ಕನ್ನಡ ಇಲ್ಲದಿದ್ದರೆ ಅಲ್ಲಿ ಕಾಣುವುದು ಖಾಲಿ ಚೌಕಗಳೇ.

ಕೀಲಿಮಣೆಯ ಮಾತು ಬೇರೆ. ಅದು ಬೆರಳಿನ ರೂಢಿ. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ 'ನುಡಿ' ತಂತ್ರಾಂಶ ಒಬ್ಬರಿಗೆ, ಇನ್‌ಸ್ಕ್ರಿಪ್ಟ್ ಇನ್ನೊಬ್ಬರಿಗೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವುದು ಮತ್ತೊಬ್ಬರಿಗೆ. ಎನಿಸಾಫ್ಟ್‌ಕೀಬೋರ್ಡ್ ಆ್ಯಪ್ ಕನ್ನಡವನ್ನು ಪ್ರತ್ಯೇಕ ಪ್ಯಾಕ್ ಆಗಿಯೇ ಕೊಟ್ಟಿತು, ಬೇಕಾದವರು ಇಳಿಸಿಕೊಂಡರು. ಅದರಲ್ಲಿ ತಪ್ಪೇನೂ ಇಲ್ಲ.

ಭಾರತೀಯ ಮಾನಕ ಬ್ಯೂರೋದ ಐಎಸ್ 16333 ಮಾನಕದ ಮೂರನೇ ಭಾಗ ಬಂದದ್ದು 2016ರಲ್ಲಿ. ಅದೂ ಹೆಚ್ಚುಕಡಿಮೆ ಇದೇ ಗೆರೆ ಎಳೆಯಿತು. ಭಾರತದ 22 ಅಧಿಕೃತ ಭಾಷೆಗಳ ಸಂದೇಶಗಳನ್ನೂ ಫೋನ್ ತೋರಿಸಲೇಬೇಕು. ಟೈಪಿಂಗಿಗೆ ಇಂಗ್ಲಿಷ್, ಹಿಂದಿ, ಜೊತೆಗೆ ಕಂಪನಿ ಆರಿಸಿದ ಇನ್ನೊಂದು ಭಾಷೆ ಇದ್ದರೆ ಸಾಕು. ಅಂದರೆ ಆರ್.ಟಿ. ನಗರದಲ್ಲಿ ಮಾರುವ ಫೋನಿನಲ್ಲಿ ಕನ್ನಡ ಕೀಲಿಮಣೆ ಇರಲೇಬೇಕೆಂದಿಲ್ಲ, ಹಿಂದಿಯದು ಇರಲೇಬೇಕು! ಈ ತಾರತಮ್ಯ ನನಗೆ ಒಪ್ಪಿಗೆಯಿಲ್ಲ. ಆದರೂ ಕೀಲಿಮಣೆಯನ್ನು ಆಮೇಲೆ ಇಳಿಸಿಕೊಳ್ಳಬಹುದು. ತೆಗೆಯಲು ಬಾರದ ಆಟಗಳನ್ನು ತುಂಬಿ ಮಾರುವ ಕಂಪನಿಗೆ ಒಂದು ಕೀಲಿಮಣೆಯಷ್ಟು ಜಾಗವಿಲ್ಲ ಎನ್ನುವಂತಿಲ್ಲ, ಅಷ್ಟೆ.

ಫೋನಿನಲ್ಲಿ ಬಗೆಹರಿದ ಈ ತಕರಾರು ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಹಾಗೇ ಇದೆ. ಬಿಲ್ ಮುದ್ರಿಸುವ ಚಿಕ್ಕ ಪ್ರಿಂಟರುಗಳಲ್ಲಿ ಹೆಚ್ಚಿನವುಗಳ ಒಳಗೆ ಕನ್ನಡ ಅಕ್ಷರಗಳಿಲ್ಲ. ಯಲಹಂಕದ ದಿನಸಿ ಅಂಗಡಿಯವರಿಗೆ ತೊಗರಿಬೇಳೆಯ ಹೆಸರು ಕನ್ನಡದಲ್ಲಿ ಬೇಕಾದರೆ, ಬಿಲ್ಲಿಂಗ್ ಸಾಫ್ಟ್‌ವೇರ್ ಆ ಸಾಲನ್ನು ಚಿತ್ರವಾಗಿ ಬಿಡಿಸಿ ಪ್ರಿಂಟರಿಗೆ ಕಳಿಸಬೇಕು.